ಅವನ ಕಡಲು, ಅವಳ ಗಾಳಿ

ಹವಾಮಾನ ಕಚೇರಿಯಲ್ಲಿ ಗಂಡನದು ಕಡಲಿನ ಮೇಜು, ಹೆಂಡತಿಯದು ಉತ್ತರದ ಗಾಳಿಯ ಮೇಜು. ದಕ್ಷಿಣದ ಬೆಚ್ಚನೆಯ ಸಮುದ್ರದ ಮೇಲೆ ಕಟ್ಟುವ ಮೋಡಗಳನ್ನು ಅವನು ನೋಡಬೇಕು; ಚಳಿಯನ್ನು ಹೊತ್ತು ತರುವ ಗಾಳಿಯನ್ನೂ, ಅದರ ಮೇಲೆ ಬಲು ಎತ್ತರದಲ್ಲಿ ಹೊಳೆಯಂತೆ ಹರಿಯುವ ಗಾಳಿಯನ್ನೂ ಅವಳು ನೋಡಬೇಕು. ಮದುವೆಯಾದ ಹೊಸತರಲ್ಲಿ ಊಟಕ್ಕೆ ಕೂತರೂ ಇಬ್ಬರದೂ ಅದೇ ಮಾತು. ಕೇಳಿ ಕೇಳಿ ಸಾಕಾದ ಅತ್ತೆ, "ಮಳೆ, ಗಾಳಿ ಎಲ್ಲ ಹೊಸಿಲಾಚೆ ಬಿಟ್ಟು ಬನ್ನಿ," ಎಂದು ಕಟ್ಟಪ್ಪಣೆ ಮಾಡಿದ್ದರು. ಪಾಳಿಗಳೂ ಬೇರೆಯಾದ ಮೇಲೆ ಆ ಮಾತು ನಿಂತೇ ಹೋಗಿತ್ತು.

ಆ ಚಳಿಗಾಲದಲ್ಲಿ ಅತ್ತೆಯ ಕೋಣೆಯ ಮಾಡು ರಿಪೇರಿಗೆ ಬಂತು. "ಈ ವಾರ ಒಣಹವೆ, ಧೈರ್ಯವಾಗಿ ಹೆಂಚು ಇಳಿಸಿ," ಎಂದು ಸೊಸೆಯೇ ಬಡಗಿಗೆ ಹೇಳಿದಳು. ಹೆಂಚು ಇಳಿದ ಮರುದಿನ ಬೆಳಿಗ್ಗೆ ಅವಳ ನಕ್ಷೆಯಲ್ಲಿ ಎತ್ತರದ ಗಾಳಿ ದಕ್ಷಿಣಕ್ಕೆ ಬಾಗಿತ್ತು. ಯಾಕೆಂದೂ, ಅದು ಮಳೆ ತರುತ್ತದೋ ಇಲ್ಲವೋ ಎಂದೂ ತಿಳಿಯಲಿಲ್ಲ. ಪಾಳಿ ಮುಗಿಸಿ ಬಂದು ಊಟಕ್ಕೆ ಕೂತರೂ ಅವಳ ಕಣ್ಣು ಹೆಂಚಿಲ್ಲದ ಕೋಣೆಯ ಕಡೆಗೇ.

"ಮುಖ ಯಾಕಮ್ಮ ಬಾಡಿದೆ?" ಎಂದರು ಅತ್ತೆ.

"ಹೇಳಿದ್ರೆ ಬೈತೀರಿ ಅತ್ತೆ. ಗಾಳಿ ವಿಷಯ."

"ಬೈಯೋದು ಆಮೇಲೆ. ಮೊದಲು ಹೇಳು."

ಹೇಳಿದಳು. ಮಧ್ಯಾಹ್ನದ ಪಾಳಿಗೆ ಹೊರಟಿದ್ದ ಗಂಡ ಅಲ್ಲೇ ನಿಂತ. "ಹೋದ ವಾರವೇ ನನ್ನ ಕಡಲ ಮೇಲೆ ಮೋಡ ರಾಶಿ ಬಿದ್ದಿತ್ತು ಕಣೇ. ಅಲ್ಲಿ ಅಷ್ಟು ಮಳೆ ಸುರಿದ್ರೆ ಮೇಲಿನ ಗಾಳಿ ಕಾದು ಅಲುಗಾಡುತ್ತೆ. ಆ ಅಲೆ ನಿನ್ನ ಕಡೆ ಮುಟ್ಟೋಕೆ ವಾರ ಬೇಕು. ಇದು ಮಳೆಯೇ."

"ಮೊದಲೇ ಹೇಳ್ಬಾರದಿತ್ತೇನ್ರೀ?"

"ನೀನು ಕೇಳಿದ್ಯಾ?"

"ಜಗಳ ಮಳೆ ನಿಂತ ಮೇಲೆ ಆಡ್ಕೊಳ್ಳಿ," ಎಂದರು ಅತ್ತೆ. "ಈಗ ನನ್ನ ತಲೆ ಮೇಲೆ ಸೂರಿಲ್ಲ."

ಅವನು ಮುನ್ನೆಚ್ಚರಿಕೆ ಕೊಡಲು ಕಚೇರಿಗೆ ಓಡಿದ. ಅವಳು ಸೆರಗು ಬಿಗಿದು ಬಡಗಿಯ ಜೊತೆ ಏಣಿ ಹತ್ತಿ ಟಾರ್ಪಾಲು ಕಟ್ಟಿದಳು. ಕೆಳಗೆ ಏಣಿ ಹಿಡಿದ ಅತ್ತೆ, "ಮೆಲ್ಲಗೆ, ಸೊಸೆ ಇನ್ನೊಬ್ಬಳು ಸಿಗಲ್ಲ ನಂಗೆ," ಎನ್ನುತ್ತಲೇ ಇದ್ದರು.

ಬೆಳಗಾಗುವಷ್ಟರಲ್ಲಿ ಮಳೆ ಹಿಡಿಯಿತು. ಟಾರ್ಪಾಲಿನ ಒಂದು ಮೂಲೆ ಸೋರಿ ಹಾಸಿಗೆಯ ತುದಿ ನೆನೆದದ್ದು ಬಿಟ್ಟರೆ ಕೋಣೆ ಉಳಿಯಿತು. ಮೂವರೂ ಅಡುಗೆಮನೆಯಲ್ಲಿ ಒಲೆಯ ಮಗ್ಗುಲಿಗೆ ಕೂತರು. ಈ ಸಲ ಗಂಡ ಕೇಳಲಿ ಎಂದು ಅವಳು ಕಾಯಲಿಲ್ಲ.

"ಮಳೆ ಬೆನ್ನಿಗೆ ನನ್ನ ಚಳಿಗಾಳಿ ಇದೆ ರೀ. ನಾಳಿದ್ದಿಗೆ ಅದು ನೇರ ನಿಮ್ಮ ಕಡಲಿಗೇ ನುಗ್ಗೋದು."

ಬೆಚ್ಚನೆಯ ನೀರಿನ ಮೇಲೆ ಆ ಚಳಿ ಬಿದ್ದರೆ ಮೋಡ ಮತ್ತೆ ಎದ್ದೇಳುತ್ತದೆಂದು ಅವನಿಗೆ ಗೊತ್ತಿತ್ತು. ನಾಳಿದ್ದು ಯಾರೂ ಕಡಲಿಗೆ ಇಳಿಯಬೇಡಿ ಎಂದು ಬಂದರಿಗೆ ಫೋನು ಮಾಡಿದ. ಮಳೆ ನಿಂತು, ಆ ದಿನ ಬೆಳಿಗ್ಗೆ ಬಿಸಿಲೇ ಇತ್ತು; ಬಿಸಿಲಲ್ಲಿ ಕೂತು ದೋಣಿಯವರು ಗೊಣಗಿದರು, ಆದರೂ ದೋಣಿ ಇಳಿಸಲಿಲ್ಲ.

ಅವತ್ತು ಕಚೇರಿಯಲ್ಲಿ ತನ್ನ ಪಾಳಿ ಮುಗಿದರೂ ಅವಳು ಮನೆಗೆ ಹೋಗಲಿಲ್ಲ. ಗಂಡನ ಕುರ್ಚಿಯ ಹಿಂದೆ ನಿಂತು, ತನ್ನ ಗಾಳಿ ಮುಟ್ಟಿದ ಕಡೆಯೆಲ್ಲ ಮೋಡ ಬೆಳ್ಳಗೆ ಉಬ್ಬುವುದನ್ನು ನೋಡಿದಳು. ಅವನು ತಿರುಗದೆಯೇ ಪಕ್ಕದ ಕುರ್ಚಿಯನ್ನು ಅವಳತ್ತ ಎಳೆದ.