ಕೇಳದೆ ಬಿಟ್ಟ ಪ್ರಶ್ನೆ

ಗಾಜಿನ ಕಾರ್ಖಾನೆಯ ಟೈಪಿಸ್ಟಮ್ಮ ಸಾಕ್ಷಿಕಟ್ಟೆ ಹತ್ತಿದಳು. ಎದುರು ಬೆಂಚಿನಲ್ಲಿ ಅವಳ ಭಾವ, ಅಕ್ಕನ ಗಂಡ, ನೆಲ ನೋಡುತ್ತ ಕೂತಿದ್ದ. ಕುಲುಮೆಯ ಮುಂದೆ ಒಂದು ಕಣ್ಣು ಕಳೆದುಕೊಂಡವನು. ನಲವತ್ತು ಕೆಲಸಗಾರರ ಪರವಾಗಿ ದಾವೆ ಹೂಡಿದ್ದವನು ಅವನೇ.

ದೊಡ್ಡ ಯಜಮಾನರು ಕಂಪನಿಯ ಕಾಲು ಭಾಗ ಷೇರುಗಳನ್ನು ಕೆಲಸಗಾರರಿಗೆಂದು ಟ್ರಸ್ಟಿನಲ್ಲಿಟ್ಟಿದ್ದರು. ಬದುಕಿರುವತನಕ ಹಿಂದಕ್ಕೆ ಪಡೆಯುವ ಹಕ್ಕೂ ಅವರಿಗಿತ್ತು. ಅವರು ಆಸ್ಪತ್ರೆಯಲ್ಲಿ ತೀರಿಕೊಳ್ಳುವ ಎರಡು ದಿನ ಮೊದಲು ಆ ಷೇರುಗಳೆಲ್ಲ ಮಗನ ಹೆಸರಿಗೆ ವರ್ಗವಾದವು; ಅದು ಮೋಸ ಎಂಬುದೇ ದಾವೆ. ಕಾಗದದ ಮೇಲೆ ಅವರ ಹೆಬ್ಬೆಟ್ಟು, ಕೆಳಗೆ ಸಾಕ್ಷಿಯಾಗಿ ಟೈಪಿಸ್ಟಮ್ಮನ ಸಹಿ. ಅವಳು ಆ ಆಸ್ಪತ್ರೆಯ ಬಾಗಿಲೂ ತುಳಿದಿರಲಿಲ್ಲ. ಮಗ ಕಾಗದವನ್ನು ಅವಳ ಮೇಜಿಗೇ ತಂದು, "ಇಲ್ಲೊಂದು ಸಹಿ ಹಾಕಮ್ಮ, ಬೇಗ" ಅಂದಿದ್ದ. ಓದದೆ ಹಾಕಿದೆ ಎಂದು ಆಮೇಲೆ ಅಕ್ಕನ ಮುಂದೆ ಅತ್ತಿದ್ದಳು. ಅದು ಸುಳ್ಳು. ಓದಿಯೇ ಹಾಕಿದ್ದಳು.

"ಯಜಮಾನರು ನಿಮ್ಮೆದುರಿಗೇ ಹೆಬ್ಬೆಟ್ಟು ಒತ್ತಿದ್ರಾ?" ಕಂಪನಿ ವಕೀಲರು ಕೇಳಿದರು.

"ಹೌದು."

ಭಾವನ ವಕೀಲರು ಪಾಟೀಸವಾಲು ಹಾಕಿದರೆ ನಿಜ ಕಕ್ಕಿಬಿಡುವುದೆಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ವಕೀಲರು ಎದ್ದರು. ಭಾವ ಅವರ ಕೋಟಿನ ತುದಿ ಹಿಡಿದೆಳೆದು ಕಿವಿಯಲ್ಲಿ ಏನೋ ಹೇಳಿದ. ವಕೀಲರ ಮುಖ ಸಪ್ಪಗಾಯಿತು.

"ಪ್ರಶ್ನೆ ಇಲ್ಲ, ಸ್ವಾಮಿ."

ಬಾಯಿ ಬಿಡಬಹುದಿತ್ತು. ಜವಾನ ಎರಡು ಸಲ ಹೇಳಿದ ಮೇಲೆ ಕಟ್ಟೆ ಇಳಿದಳು.

ಹೊರಗೆ ಮೆಟ್ಟಿಲ ಹತ್ತಿರ ಭಾವನನ್ನು ತಡೆದಳು. "ಯಾಕೆ ಭಾವ? ಕೇಳಿದ್ರೆ ನಿಜ ಹೇಳ್ತಿದ್ದೆ."

"ಹೇಳಿದ್ರೆ ಸುಳ್ಳು ಸಾಕ್ಷಿ ಅಂತ ನಿನ್ನನ್ನೇ ಒಳಗೆ ಹಾಕ್ತಾರಂತೆ. ನಿಮ್ಮಕ್ಕ ಮೂರು ದಿನದಿಂದ ಅನ್ನ ಮುಟ್ಟಿಲ್ಲ."

"ಉಳಿದೋರು?"

"ಅವ್ರಿಗೆ ಗೊತ್ತಿಲ್ಲ," ಅಂದವನೇ ಮೆಟ್ಟಿಲಿಳಿದು, ಕಾದು ನಿಂತಿದ್ದ ಕೆಲಸಗಾರರ ಗುಂಪಿನೊಳಗೆ ಸೇರಿಕೊಂಡ.

ದಾವೆ ವಜಾ ಆಯಿತು. ಭಾವನೇ ವಕೀಲರ ಬಾಯಿ ಕಟ್ಟಿದ್ದೆಂಬುದು ವಾರದೊಳಗೆ ಕಾರ್ಖಾನೆಯಲ್ಲೆಲ್ಲ ಹಬ್ಬಿತು. ಎಷ್ಟಕ್ಕೆ ಮಾರಿಕೊಂಡೆ ಎಂದು ಮುಖಕ್ಕೇ ಕೇಳಿದರು. ಅವನು ನಾದಿನಿಯ ಹೆಸರೆತ್ತಲಿಲ್ಲ. ಇಪ್ಪತ್ತೆರಡು ವರ್ಷ ಜೊತೆಗೆ ಬೆಂದವರು ಬೆನ್ನು ತಿರುಗಿಸಿದ ಮೇಲೆ ಕೆಲಸ ಬಿಟ್ಟು ಮನೆಯಲ್ಲಿ ಕೂತ.

ಟೈಪಿಸ್ಟಮ್ಮ ಅಕ್ಕನ ಮನೆಗೆ ಓಡಿದಳು. "ಮೇಲಿನ ಕೋರ್ಟಿಗೆ ಹೋಗೋಣ ಭಾವ. ಅಪೀಲಿಗೆ ಇನ್ನೂ ಹದಿನೆಂಟು ದಿನ ಇದೆ. ನಾನೇ ಬಂದು ಎಲ್ಲಾ ಹೇಳ್ತೀನಿ."

ಅಕ್ಕ ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಭಾವ ಒಂಟಿಗಣ್ಣಿನಿಂದ ನಾದಿನಿಯನ್ನು ನೋಡಿದ.

"ಹೇಳ್ತೀಯಾ? ಹಾಗಿದ್ರೆ ಈಗ್ಲೇ ಎದ್ದು ನಡಿ, ವಕೀಲ್ರು ಮನೇಲೇ ಇದಾರೆ."

ಅವಳು ಅಕ್ಕನ ಮುಖ ನೋಡಿದಳು. ಅಕ್ಕ ಬೇಡ ಅನ್ನಲಿ ಎಂದು ಕಾದಳು. ಅಕ್ಕ ಏನೂ ಅನ್ನಲಿಲ್ಲ.

"ನಾಳೆ ಹೋಗೋಣ," ಅಂದಳು ಟೈಪಿಸ್ಟಮ್ಮ.

ಹದಿನೆಂಟು ದಿನವೂ ಅವಳು ಅಕ್ಕನ ಬೀದಿಗೆ ಕಾಲಿಡಲಿಲ್ಲ.