ಸುತ್ತಿಗೊಂದು ಗೇಣು

ಲಾರಿ ನಮ್ಮಿಬ್ಬರದು, ನನ್ನದು ಮತ್ತು ನನ್ನ ತಮ್ಮನದು. ಬಲಭುಜ ಕೈಕೊಡುವ ತನಕ ಓಡಿಸಿದವನು ನಾನು. ಲೋಡು ಹಿಡಿಯುವುದು, ಡೀಸೆಲ್, ರಿಪೇರಿ, ಕಂಪನಿಯವರ ಹತ್ತಿರ ಮಾತು, ಎಲ್ಲ ಅವನದು. ಭುಜ ಎತ್ತಲಾಗದ ಮೇಲೆ ನನ್ನ ಸೀಟಿಗೆ ಬಂದವನು ಅಳಿಯ, ನನ್ನ ಒಬ್ಬಳೇ ಮಗಳ ಗಂಡ. ಮಾತು ಕಡಿಮೆ. ಹಾರ್ನ್ ಹೊಡೆಯುವುದಕ್ಕೂ ನಾಚಿಕೊಳ್ಳುತ್ತಾನೆ ಎಂದು ತಮ್ಮ ನಗುತ್ತಿದ್ದ. ಆಗಿನ್ನೂ ನಗುವುದು ಇತ್ತು.

ಸಿಮೆಂಟ್ ಕಾರ್ಖಾನೆಯಿಂದ ಚೀಲ ತುಂಬಿಕೊಂಡು ಊರಿನ ಗೋದಾಮಿಗೆ ತರುವ ಕೆಲಸ. ಹೋಗುವಾಗ ಖಾಲಿ, ಬರುವಾಗ ಭಾರ. ರಸ್ತೆ ಹೆಚ್ಚೂಕಡಿಮೆ ಹಾಸಿಟ್ಟ ಹಾಗೆ ನೇರ. ಕಾರ್ಖಾನೆಯಿಂದ ಹೊರಗೆ ಬರುವಲ್ಲಿ ಮಾತ್ರ ಒಂದು ಏರು, ಲಾರಿಯ ಉಸಿರು ಕಟ್ಟಿಸುವಂಥದು.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಶೆಡ್ಡಿನ ಬಾಗಿಲು ದಾಟುವಾಗ ಮೀಟರನ್ನು ಸೊನ್ನೆಗೆ ತರುವುದು. ಹಿಂದಿರುಗಿದ ಮೇಲೆ ತಿರುವಿನ ಬಂಕಿನಲ್ಲಿ, ಟ್ಯಾಂಕಿನ ಕುತ್ತಿಗೆಯಲ್ಲಿ ಡೀಸೆಲ್ ಮಿನುಗುವ ತನಕ ತುಂಬಿಸುವುದು. ಎಷ್ಟು ಓಡಿತು, ಎಷ್ಟು ಕುಡಿಯಿತು, ಅಲ್ಲೇ ಗೊತ್ತಾಗುತ್ತಿತ್ತು. ಶುರು ಮಾಡಿದವನು ನಾನೇ. ತಮ್ಮ ಕೇಳಿರಲಿಲ್ಲ. ಅಣ್ಣತಮ್ಮಂದಿರ ನಡುವೆ ಇಂಥ ವಿಷಯಕ್ಕೆ ಒಂದು ಮಾತು ಬರಬಾರದು, ಮೀಟರ್ ಹೇಳಿದ ಮೇಲೆ ಯಾರೂ ಏನೂ ಹೇಳುವ ಹಾಗಿರಬಾರದು ಎಂದು ನನಗೆ ಅನ್ನಿಸಿತ್ತು. ನನ್ನ ಕಾಲದಲ್ಲಿ ಒಂದು ಮಾತೂ ಬರಲಿಲ್ಲ.

ಹಳೇ ಟೈರುಗಳು ಸವೆದು ಬೋಳಾದಾಗ ಮೂವರೂ ಟೈರ್ ಅಂಗಡಿಗೆ ಹೋದೆವು. ಅಂಗಡಿಯವನನ್ನು ಊರೆಲ್ಲ ಗಾಳಿಯಣ್ಣ ಎನ್ನುತ್ತಾರೆ. ಟೈರಿಗೆ ತುಂಬುವುದಕ್ಕಿಂತ ಹೆಚ್ಚು ಗಾಳಿ ಮಾತಿನಲ್ಲಿ ತುಂಬುತ್ತಾನೆ ಎಂಬುದಕ್ಕೆ ಆ ಹೆಸರು. ಆದರೆ ಅವನು ಅವತ್ತು ಹೇಳಿದ್ದು ಸುಳ್ಳಲ್ಲ. ನಮ್ಮ ರಿಮ್ಮಿಗೇ ಕೂರುವ, ಇನ್ನಷ್ಟು ಎತ್ತರದ ಟೈರ್ ಇದೆ. ಚಕ್ರ ದೊಡ್ಡದಾದರೆ ಅಷ್ಟೇ ದಾರಿಗೆ ಎಂಜಿನ್ ಕಡಿಮೆ ಸುತ್ತಬೇಕು. ನೇರ ರಸ್ತೆಯಲ್ಲಿ ಓಡುವವರಿಗೆ ಡೀಸೆಲ್ ಉಳಿಯುತ್ತದೆ ಎಂದ. ಏರಿನಲ್ಲಿ ಏದುಸಿರು ಬಿಡುತ್ತದೆ ಎಂದು ನಾನು ಹೇಳಿದೆ. ಒಂದು ಏರಿಗಾಗಿ ಇಡೀ ರಸ್ತೆ ಬಿಡೋಕಾಗತ್ತಾ ಎಂದು ತಮ್ಮ ಕೇಳಿದ. ಅದೂ ಸರಿಯೇ. ಅಳಿಯ ಹಿಂದಿನ ಜೋಡಿ ಚಕ್ರಗಳ ನಡುವೆ ಬೆರಳು ತೂರಿಸಿ ನೋಡಿ, ಜಾಗ ಸಾಕು, ಒಂದಕ್ಕೊಂದು ಉಜ್ಜುವುದಿಲ್ಲ ಎಂದಷ್ಟೇ ಹೇಳಿದ. ಆರೂ ಚಕ್ರಕ್ಕೆ ದೊಡ್ಡ ಟೈರ್ ಹಾಕಿಸಿದೆವು. ಲಾರಿಯ ಅಡಿಯಲ್ಲಿ ತೂಗುವ ಸ್ಟೆಪ್ನಿ ಮಾತ್ರ ಹಳೆಯದೇ ಉಳಿಯಿತು. ಒಮ್ಮೆಯೂ ನೆಲ ಮುಟ್ಟದ ಟೈರ್, ಹೊಸದರ ಹಾಗೇ ಇತ್ತು, ಯಾಕೆ ಬದಲಾಯಿಸಬೇಕು.

ಮೊದಲ ಟ್ರಿಪ್ಪು ಮುಗಿದು ಬಂಕಿನಲ್ಲಿ ತುಂಬಿಸಿದಾಗ ತಮ್ಮ ಹುಬ್ಬು ಗಂಟಿಕ್ಕಿದ. ಉಳಿಯುವುದಿರಲಿ, ಮೀಟರ್ ತೋರಿಸಿದ ದೂರಕ್ಕೆ ಮೊದಲಿಗಿಂತ ಹೆಚ್ಚೇ ಕುಡಿದಿತ್ತು. ಹೊಸ ಟೈರ್, ಪಳಗಲಿ ಎಂದೆ. ಎರಡನೆಯದೂ ಹಾಗೇ. ನಾಲ್ಕಾರು ಟ್ರಿಪ್ಪು ಕಳೆದರೂ ಹಾಗೇ. ತಮ್ಮ ಗಾಳಿಯಣ್ಣನ ಅಂಗಡಿಗೆ ಹೋಗಿ ಕೂಗಾಡಿ ಬಂದ. ಅವನು ಇದೇ ಟೈರ್ ಹಾಕಿಸಿದ ಬೇರೆ ಲಾರಿಯವರನ್ನು ಕರೆದು ಮುಂದೆ ನಿಲ್ಲಿಸಿದನಂತೆ. ಅವರೆಲ್ಲ ನಮಗೆ ಉಳೀತಿದೆ ಎಂದರಂತೆ. ಅವರು ಟ್ರಿಪ್ಪಿಗಿಷ್ಟು ಎಂದು ಡೀಸೆಲ್ ನೋಡುವವರು. ಅವರ ಟ್ರಿಪ್ಪು ಯಾವತ್ತೂ ಒಂದೇ ಟ್ರಿಪ್ಪು. ಮೀಟರ್ ಹಿಡಿದು ನೋಡುವವರು ನಾವೊಬ್ಬರೇ. ಇದು ನನಗೆ ಹೊಳೆದದ್ದು ಆಮೇಲೆ.

ಟೈರಿನದು ತಪ್ಪಲ್ಲ ಎಂದಾದ ಮೇಲೆ ಉಳಿಯುವುದು ಮನುಷ್ಯ. ದಾರಿಯಲ್ಲಿ ಡೀಸೆಲ್ ಇಳಿಸಿ ಮಾರುವ ಡ್ರೈವರುಗಳು ಇಲ್ಲದ ಊರಿಲ್ಲ. ತಮ್ಮ ಅಳಿಯನನ್ನು ನೇರವಾಗಿ ಕಳ್ಳ ಎನ್ನಲಿಲ್ಲ. ಬಂಕಿನಲ್ಲಿ, ನಾಲ್ಕು ಜನರ ಮುಂದೆ, ನನ್ನ ಕಡೆ ತಿರುಗಿ, "ಟ್ಯಾಂಕ್ ಸೋರ್ತಿದೆಯೇನೋ ಅಣ್ಣ, ನಿನ್ನ ಅಳಿಯನಿಗೆ ಕೆಳಗೆ ಬಗ್ಗಿ ನೋಡೋಕೆ ಹೇಳು" ಎಂದ. ಅಳಿಯ ನಿಜಕ್ಕೂ ಕೆಳಗೆ ತೂರಿ ಟ್ಯಾಂಕಿನ ಮೈಯೆಲ್ಲ ಕೈಯಿಂದ ಸವರಿ ನೋಡಿದ. ಎದ್ದು ಬಂದಾಗ ಅಂಗೈ ಒಣಗಿತ್ತು. ಅಂಗೈಯನ್ನು ತಮ್ಮನಿಗೆ ತೋರಿಸಿ, ಪ್ಯಾಂಟಿಗೆ ಒರೆಸಿಕೊಂಡ.

ಅವತ್ತಿನಿಂದ ತಮ್ಮ ಅವನ ಜೊತೆ ಮಾತು ಬಿಟ್ಟ. ಹೇಳುವುದೆಲ್ಲ ನನ್ನ ಮೂಲಕ. ಅವನು ಅಲ್ಲೇ ಎದುರಿಗೆ ನಿಂತಿದ್ದರೂ ನಾಳೆ ಬೇಗ ಹೊರಡೋಕೆ ಹೇಳು, ಟಾರ್ಪಾಲು ಸರಿಯಾಗಿ ಕಟ್ಟೋಕೆ ಹೇಳು. ನಾನು ತಿರುಗಿ ಅದನ್ನೇ ಇನ್ನೊಂದು ಸಲ ಹೇಳುತ್ತಿದ್ದೆ. ಮಗಳು ಚಿಕ್ಕಪ್ಪನ ಮನೆಯ ಕಡೆ ಹೋಗುವುದು ನಿಂತಿತು. ಎರಡು ಮನೆಗೂ ಒಂದೇ ಗೋಡೆ. ಆ ಕಡೆ ಪಾತ್ರೆ ಇಟ್ಟರೆ ಈ ಕಡೆ ಕೇಳಿಸುತ್ತದೆ.

ಆಮೇಲೆ ಇದ್ದಕ್ಕಿದ್ದಂತೆ ಎಲ್ಲ ಸರಿಹೋಯಿತು. ಬಂಕಿನಲ್ಲಿ ತುಂಬಿಸಿದರೆ, ಮೀಟರ್ ತೋರಿಸಿದ ದೂರಕ್ಕೆ ಹಳೇ ಟೈರಿನ ಕಾಲದಲ್ಲಿ ಹಿಡಿಯುತ್ತಿದ್ದಷ್ಟೇ ಹಿಡಿಯಿತು. ಮುಂದಿನ ಟ್ರಿಪ್ಪಿನಲ್ಲೂ ಅಷ್ಟೇ. ನನಗೆ ಜೀವ ಬಂದ ಹಾಗಾಯಿತು. ತಮ್ಮ ನನ್ನನ್ನು ಶೆಡ್ಡಿನ ಹಿಂದೆ ಕರೆದುಕೊಂಡು ಹೋದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು.

"ನೋಡಿದ್ಯಾ ಅಣ್ಣ. ಗದರಿಸಿದ ಮೇಲೆ ಸರಿಯಾಯ್ತು. ಅಂದ್ರೆ ಏನರ್ಥ ನೀನೇ ಹೇಳು."

ಅರ್ಥ ಒಂದೇ ಇದ್ದ ಹಾಗೆ ಕಾಣುತ್ತಿತ್ತು. ಬೇರೆ ಡ್ರೈವರನ್ನು ನೋಡಿದ್ದೇನೆ, ಮುಂದಿನ ಟ್ರಿಪ್ಪು ಮುಗಿದ ಮೇಲೆ ಕೀ ಇಸ್ಕೊಂಡುಬಿಡು ಎಂದ. ಆ ಟ್ರಿಪ್ಪಿಗೆ ನೀನೂ ಜೊತೆಗೆ ಹೋಗಿ ಕಣ್ಣಾರೆ ನೋಡು, ಆಮೇಲೆ ನಿನ್ನ ಮಗಳ ಮುಂದೆ ನನ್ನ ಮೇಲೆ ಗೂಬೆ ಕೂರಿಸಬೇಡ ಎಂದೂ ಹೇಳಿದ.

ಹೀಗೆ ಮಗಳ ಗಂಡನ ಮೇಲೆ ಕಣ್ಣಿಡಲು ನಾನು ಹೊರಟೆ. ಮಗಳು ಇಬ್ಬರಿಗೂ ಬುತ್ತಿ ಕಟ್ಟಿಕೊಟ್ಟಳು. ಗಂಡನ ಡಬ್ಬಿಗೆ ಅದುಮಿ ಅದುಮಿ ತುಂಬುತ್ತ, "ದಾರಿಯಲ್ಲಿ ಏನ್ ತಿಂತಾರೋ ಗೊತ್ತಿಲ್ಲಪ್ಪ, ಬೆಲ್ಟು ಸಡಿಲಾಗಿ ಇನ್ನೊಂದು ತೂತು ಹೊಡೆದುಕೊಂಡಿದ್ದಾರೆ" ಎಂದಳು. ದಾರಿ ಖರ್ಚಿಗೆ ಅಂತ ಬತ್ತೆ ಕೊಡ್ತೀವಲ್ಲ ಎಂದೆ. ಅವಳು ಮುಚ್ಚಳ ಒತ್ತಿದಳು.

ಶೆಡ್ಡಿನ ಬಾಗಿಲಲ್ಲಿ ಅಳಿಯ ನನಗೆ ಕಾಣುವ ಹಾಗೆ ಕೈ ಚಾಚಿ ಮೀಟರ್ ಸೊನ್ನೆ ಮಾಡಿದ. ನಾನು ಯಾಕೆ ಬಂದಿದ್ದೇನೆ ಎಂದು ಅವನಿಗೆ ತಿಳಿದಿತ್ತು. ಅವನಿಗೆ ತಿಳಿದಿದೆ ಎಂದು ನನಗೂ ತಿಳಿದಿತ್ತು. ಬಹಳ ಹೊತ್ತು ಎಂಜಿನ್ ಒಂದೇ ಮಾತಾಡಿತು.

ಆ ರಸ್ತೆ ನನಗೆ ಅಂಗೈಯ ಗೆರೆ ಇದ್ದ ಹಾಗೆ. ಒಂಟಿ ಹುಣಿಸೆ, ಮುಚ್ಚಿದ ಹತ್ತಿ ಜಿನ್ನು, ಸೇತುವೆ, ರೈಲು ಗೇಟು. ಗೇಟಿನ ಮುಂದಿನ ಉಬ್ಬಿಗೆ ಮುಂದಿನ ಚಕ್ರ ಹತ್ತುವಾಗ ಮೀಟರಿನಲ್ಲಿ ನೂರು ಬೀಳುತ್ತಿತ್ತು. ನನ್ನ ಇಡೀ ಡ್ರೈವರಿಕೆಯಲ್ಲಿ ಅದು ತಪ್ಪಿದ್ದಿಲ್ಲ. ನಿದ್ದೆ ಎಳೆಯುವಾಗ ನೂರಾದರೆ ಟೀ ಎಂದು ನನಗೆ ನಾನೇ ಆಸೆ ತೋರಿಸಿಕೊಳ್ಳುತ್ತಿದ್ದೆ. ಗೇಟಿನ ಪಕ್ಕದಲ್ಲಿ ಟೀ ಅಂಗಡಿ ಇತ್ತು, ಈಗಲೂ ಇದೆ.

ಅವತ್ತು ಉಬ್ಬಿನ ಮೇಲೆ ಲಾರಿ ಎಗರಿದಾಗ ಅಭ್ಯಾಸಬಲದಿಂದ ಮೀಟರ್ ನೋಡಿದೆ. ನೂರು ಆಗಿರಲಿಲ್ಲ. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಬಾಗಿಲಲ್ಲಿ ಸೊನ್ನೆ ಮಾಡಿದ್ದು ಹೌದಾ ಎಂದು ಕೇಳಿದೆ. "ನಿಮ್ಮ ಮುಂದೇನೇ ಮಾಡಿದ್ನಲ್ಲ ಮಾವ" ಎಂದ. ಹೌದು, ನೋಡಿದ್ದೆ. ಗೇಟು ದಾಟಿ, ಹೊಲಗಳನ್ನೆಲ್ಲ ದಾಟಿ, ಇಟ್ಟಿಗೆ ಗೂಡಿನ ಚಿಮಣಿ ಪಕ್ಕಕ್ಕೆ ಬಂದಾಗ ನೂರು ಬಿತ್ತು. ಭುಜದ ಹಾಗೆ ನೆನಪೂ ಹೋಗುತ್ತಿದೆ ಎಂದುಕೊಂಡು ಸೀಟಿಗೆ ಒರಗಿದೆ. ಆ ಯೋಚನೆಯೇ ಆಯಾಸ ತಂದಿತು.

ಕಾರ್ಖಾನೆಯಲ್ಲಿ ತುಂಬಿಸಿಕೊಂಡೆವು. ಏರಿನಲ್ಲಿ ಲಾರಿ ಒದ್ದಾಡಿತು. ಅಳಿಯ ಅದನ್ನು ಹಟ ಮಾಡುವ ಮಗುವಿನ ಹಾಗೆ ಸಮಾಧಾನ ಮಾಡಿ, ಕೆಳಗಿನ ಗೇರಿನಲ್ಲೇ ಮೇಲೆ ತಂದ. ನಾನಾಗಿದ್ದರೆ ಇನ್ನೂ ಗದ್ದಲ ಮಾಡಿಸುತ್ತಿದ್ದೆ. ಹಿಂದಿರುಗುವಾಗ, ಮನೆ ಇನ್ನೂ ದೂರವಿರುವಾಗಲೇ, ಒಂದು ಸಣ್ಣ ಬಂಕಿಗೆ ತಿರುಗಿಸಿದ. ಸೀಟಿನ ಹಿಂದಿನಿಂದ ಪ್ಲಾಸ್ಟಿಕ್ ಕ್ಯಾನು ಎಳೆದ.

"ನೋಡೋಕೆ ಅಂತಾನೇ ಬಂದಿದೀರಿ ಮಾವ. ಇಳೀರಿ, ನೋಡಿ."

ಇಳಿದೆ. ಬಂಕಿನವನು ಅಳಿಯನನ್ನು ನೋಡಿ ತಲೆಯಾಡಿಸಿ, ಕೇಳದೆಯೇ ಕ್ಯಾನಿಗೆ ಡೀಸೆಲ್ ಹಿಡಿದ. ಅಳಿಯ ಜೇಬಿನಿಂದ ಕೊಟ್ಟ, ಊಟಕ್ಕೆಂದು ನಾವು ಕೊಟ್ಟ ಬತ್ತೆ ಅದು. ಆಮೇಲೆ ನಮ್ಮ ಲಾರಿಯ ಟ್ಯಾಂಕಿನ ಮುಚ್ಚಳ ತೆಗೆದು, ಕ್ಯಾನು ಎತ್ತಿ, ಕೊನೆಯ ಹನಿಯ ತನಕ ಅದರೊಳಗೆ ಸುರಿದ.

ನನಗೆ ಒಂದು ಗಳಿಗೆ ಏನೂ ತಿಳಿಯಲಿಲ್ಲ. ಕದಿಯುವವನು ತೆಗೆಯಬೇಕು. ಇವನು ಹಾಕುತ್ತಿದ್ದಾನೆ.

"ಯಾಕಪ್ಪಾ" ಎಂದೆ.

"ಚಿಕ್ಕಮಾವನ ಲೆಕ್ಕ ಸರಿಬರ್ಲಿ ಅಂತ. ಎಲ್ಲಿ ಹೋಗ್ತಿದೆ ಅಂತ ನಂಗೂ ಗೊತ್ತಾಗ್ತಿಲ್ಲ ಮಾವ. ನಾನಂತೂ ತೆಗೀತಿಲ್ಲ. ಮನೇಲಿ ಅವಳು ಗೋಡೆ ಕಡೆ ಮುಖ ಮಾಡಿ ಮಲಗ್ತಾಳೆ. ಸಾಕಾಯ್ತು ನಂಗೆ."

ಕ್ಯಾನನ್ನು ಸೀಟಿನ ಹಿಂದಕ್ಕೆ ತಳ್ಳಿ, ಬೇರೆ ಮಾಲೀಕರೊಬ್ಬರು ಕರೆದಿದ್ದಾರೆ, ಅಲ್ಲಿಗೆ ಹೋಗ್ತೀನಿ ಎಂದ. ಕಳ್ಳ ಅನ್ನಿಸಿಕೊಂಡು ಹೋದರೆ ಅಲ್ಲೂ ಆ ಮಾತು ಬೆನ್ನಿಗೆ ಬರುತ್ತದೆ ಎಂಬುದೊಂದೇ ಅವನ ಚಿಂತೆ. ನಾನು ಬುತ್ತಿ ಬಿಚ್ಚಿದೆ. ಅವನು ತಲೆ ತಗ್ಗಿಸಿ ತಿಂದ. ನನ್ನ ಡಬ್ಬಿಯಲ್ಲಿ ಉಳಿದದ್ದನ್ನೂ ಅವನ ಕಡೆ ಸರಿಸಿದೆ, ಅದನ್ನೂ ತಿಂದ.

ಇವನು ತೆಗೆಯುತ್ತಿಲ್ಲ, ಟ್ಯಾಂಕು ಸೋರುತ್ತಿಲ್ಲ. ಹಾಗಿದ್ದರೆ ಡೀಸೆಲ್ ಹೆಚ್ಚು ಹೋಗುತ್ತಿಲ್ಲ, ಮೀಟರಿನಲ್ಲಿ ದಾರಿ ಕಡಿಮೆ ಬೀಳುತ್ತಿದೆ. ಉಳಿದ ದಾರಿಯುದ್ದಕ್ಕೂ ಆ ಇಟ್ಟಿಗೆ ಗೂಡಿನ ಚಿಮಣಿ ನನ್ನ ತಲೆಯಲ್ಲಿ ಹೊಗೆಯಾಡುತ್ತಲೇ ಇತ್ತು.

ಗೋದಾಮಿನಲ್ಲಿ ಚೀಲ ಇಳಿಸಿ ಶೆಡ್ಡಿಗೆ ಬಂದಾಗ ತಮ್ಮ ಕೀಗಾಗಿ ಕಾಯುತ್ತಿದ್ದ. ಅಳಿಯ ಕೀಯನ್ನು ಅವನ ಮುಂದಿನ ಡ್ರಮ್ಮಿನ ಮೇಲೆ ಇಟ್ಟು ಮನೆಗೆ ಹೊರಟುಹೋದ. ನಾನು ತಮ್ಮನಿಗೆ ರೈಲು ಗೇಟಿನ ವಿಷಯ ಮಾತ್ರ ಹೇಳಿದೆ. ನನಗೆ ವಯಸ್ಸಾಯಿತೋ ರಸ್ತೆ ಕುಗ್ಗಿತೋ ನೀನೇ ಹೇಳು ಎಂದೆ. ಅವನು ಬಗ್ಗಿ ಹಿಂದಿನ ಚಕ್ರ ನೋಡಿದ. ಆಮೇಲೆ ಸೀಮೆಸುಣ್ಣ ತಂದ.

ಹಿಂದಿನ ಚಕ್ರದ ಮೇಲೆ, ನೆಲ ತಾಗುವಲ್ಲಿ ಒಂದು ಗೆರೆ. ನೆಲದ ಮೇಲೂ ಒಂದು. ಅವನೇ ಹತ್ತಿ ಕೂತು ಲಾರಿಯನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟ. ಚಕ್ರದ ಗೆರೆ ಒಂದು ಸುತ್ತು ಸುತ್ತಿ ಮತ್ತೆ ನೆಲ ಮುಟ್ಟಿದಲ್ಲಿ ನಾನು ಇನ್ನೊಂದು ಗೆರೆ ಎಳೆದೆ. ಆಮೇಲೆ ಅಡಿಯಿಂದ ಸ್ಟೆಪ್ನಿ ಇಳಿಸಿ, ಅದಕ್ಕೂ ಗೆರೆ ಹಾಕಿ, ಮೊದಲ ಗೆರೆಯಿಂದ ಒಂದು ಸುತ್ತು ಉರುಳಿಸಿದೆವು. ಅದು ನನ್ನ ಗೆರೆಯ ತನಕ ಬರಲಿಲ್ಲ. ಒಂದು ಗೇಣಿಗೆ ಸ್ವಲ್ಪ ಕಡಿಮೆ, ಅಷ್ಟು ಹಿಂದೆಯೇ ನಿಂತಿತು. ಇನ್ನೊಂದು ಸಲ ಉರುಳಿಸಿದೆವು. ಅಲ್ಲೇ ನಿಂತಿತು.

ತಮ್ಮ ಆ ಗೇಣಿನ ಜಾಗದ ಮೇಲೆ ಅಂಗೈ ಅಗಲಿಸಿ ಇಟ್ಟ.

"ಮೀಟರ್ ಸುತ್ತು ಎಣಿಸತ್ತೆ ಅಣ್ಣ. ರಸ್ತೆ ಎಣಿಸಲ್ಲ" ಎಂದ, ಮೆಲ್ಲಗೆ. "ಅದಕ್ಕೆ ಇನ್ನೂ ಹಳೇ ಚಕ್ರದ ಸುತ್ತೇ ಗೊತ್ತು. ನಿಜವಾಗ್ಲೂ ಡೀಸೆಲ್ ಉಳೀತಾನೇ ಇತ್ತು."

ಮೊದಲು ಅವನಿಗೆ ಬಂದದ್ದು ಆ ಸಂತೋಷವೇ. ಆಮೇಲೆ ಅವನ ಮುಖ ಬದಲಾಯಿತು. ಹಾಗಾದರೆ ಗದರಿಸಿದ ಮೇಲೆ ಹೇಗೆ ಸರಿಯಾಯ್ತು ಎಂದು ಕೇಳಿದ. ಆಗ ಕ್ಯಾನಿನ ವಿಷಯ ಹೇಳಿದೆ. ಬೆಲ್ಟಿನ ತೂತಿನ ವಿಷಯವನ್ನೂ ಹೇಳಿದೆ. ತಮ್ಮ ಸ್ಟೆಪ್ನಿಯನ್ನು ಅಡ್ಡ ಕೆಡವಿ ಅದರ ಮೇಲೆ ಕೂತ. ಕತ್ತಲಾಗುತ್ತ ಬಂದರೂ ಏಳಲಿಲ್ಲ. ಕೊನೆಗೆ, "ಕೀ ಅವನಿಗೆ ಕೊಡು" ಎಂದ. ನೀನೇ ಕೊಡು ಎಂದೆ. ಅವನ ಕೈಲಾಗಲಿಲ್ಲ.

ಕೀ ನಾನೇ ಒಯ್ದೆ. ಅಳಿಯ ಎಲ್ಲ ಕೇಳಿಸಿಕೊಂಡ. ಖುಷಿಯೂ ಪಡಲಿಲ್ಲ, ಸಿಟ್ಟೂ ಆಗಲಿಲ್ಲ. ಬಹಳ ದಿನ ಹೊತ್ತ ಚೀಲ ಇಳಿಸಿದವನಿಗೆ ಕೂಡಲೇ ಬೆನ್ನು ನೆಟ್ಟಗಾಗುವುದಿಲ್ಲ. ಮಗಳು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದಳು. "ಈ ಟೈರ್ ಸವೆಯೋ ತನಕ ಓಡಿಸ್ತೀನಿ ಮಾವ, ಆಮೇಲೆ ನೋಡೋಣ" ಎಂದ ಅಳಿಯ.

ಟೈರ್ ಸವೆಯುವುದಕ್ಕೆ ಅದರದೇ ಕಾಲ ಬೇಕು. ಅಷ್ಟು ಕಾಲವೂ ತಮ್ಮ ನನ್ನ ಮೂಲಕವೇ ಮಾತಾಡಿದ. ಮೊದಲು ಅನುಮಾನಕ್ಕೆ, ಈಗ ನಾಚಿಕೆಗೆ. ಕೇಳುವವನಿಗೆ ಎರಡೂ ಒಂದೇ ಥರ ಕೇಳಿಸುತ್ತದೆ. ಬಂಕಿನಲ್ಲಿ ತುಂಬಿಸುವಾಗ ಮಾತ್ರ ಅವನು ಬೇಕೆಂದೇ ದೂರ ಹೋಗಿ ನಿಲ್ಲುತ್ತಿದ್ದ. ಕ್ಯಾನು ಖಾಲಿಯಾಗಿ ಸೀಟಿನ ಹಿಂದೆ ಲೊಟಲೊಟ ಎನ್ನುತ್ತ ಬಿದ್ದಿತ್ತು. ಅಳಿಯ ಅದನ್ನು ತೆಗೆಯಲಿಲ್ಲ.

ಟೈರಿನ ಕಚ್ಚುಗಳು ಅಳಿಸಿಹೋದವು. ಮತ್ತೆ ಮೂವರೂ ಗಾಳಿಯಣ್ಣನ ಮುಂದೆ ನಿಂತೆವು. ಅವನು ಎತ್ತರದ ಟೈರನ್ನು ಆಗಲೇ ಉರುಳಿಸಿಕೊಂಡು ಬಂದಿದ್ದ. ಮೀಟರನ್ನು ಮೆಕ್ಯಾನಿಕ್ ಹತ್ತಿರ ಹೊಂದಿಸಿಕೊಂಡರೆ ತೀರಿತು, ನಿಮ್ಮ ರಸ್ತೆಗೆ ಇದಕ್ಕಿಂತ ಬೇರೆ ಬೇಡ ಎಂದ. ಈ ಸಲವೂ ಅವನು ಹೇಳಿದ್ದು ಸುಳ್ಳಲ್ಲ. ತಮ್ಮನಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು.

ತಮ್ಮ ನನ್ನ ಕಡೆ ತಿರುಗಿದ. ಬಾಯಿ ತೆರೆದವನು ಮುಚ್ಚಿದ. ಆಮೇಲೆ ಅಳಿಯನ ಕಡೆ ತಿರುಗಿ, "ಓಡಿಸೋನು ನೀನು. ಯಾವುದು ಹಾಕ್ಸೋಣ, ನೀನೇ ಹೇಳಪ್ಪ" ಎಂದ.

ಅಳಿಯ ತನ್ನನ್ನೇ ಕೇಳಿದ್ದೋ ಎಂದು ನನ್ನ ಮುಖ ನೋಡಿದ.

"ಹಳೇ ಅಳತೇದೇ ಹಾಕ್ಸಿ."

"ಡೀಸೆಲ್ ಸ್ವಲ್ಪ ಹೆಚ್ಚು ಹೋಗತ್ತೆ."

"ಹೋಗತ್ತೆ. ಗೊತ್ತು." ಸವೆದ ಟೈರಿನ ಕಡೆ ನೋಡಿ, "ರೈಲು ಗೇಟ್ ಹತ್ರ ನೂರು ಬಿದ್ರೆ ನಂಗೆ ನೆಮ್ಮದಿ" ಎಂದ.

ತಮ್ಮ ಎತ್ತರದ ಟೈರಿನ ಮೈಮೇಲೆ ಒಮ್ಮೆ ಕೈಯಾಡಿಸಿದ. ಅವನ ಕಣ್ಣಿನಲ್ಲಿ ಲೆಕ್ಕ ಓಡುವುದು ನನಗೆ ಕಾಣಿಸಿತು, ಅದು ಅರ್ಧದಲ್ಲೇ ನಿಂತದ್ದೂ ಕಾಣಿಸಿತು. ಗಾಳಿಯಣ್ಣ ಯಾವುದು ಕೊಡಲಿ ಎಂದು ಕೇಳಿದ್ದಕ್ಕೆ ತಮ್ಮ, "ಅವನು ಹೇಳಿದ್ದು" ಎಂದಷ್ಟೇ ಹೇಳಿ, ಹೋಗಿ ಲಾರಿಯ ಬಾಗಿಲು ತೆಗೆದ. ಸೀಟಿನ ಹಿಂದೆ ಕೈ ಹಾಕಿ ಕ್ಯಾನನ್ನು ಹೊರಗೆ ತಂದು, ಪಂಚರ್ ನೋಡುವ ನೀರಿಗೆ ಇಟ್ಟುಕೋ ಎಂದು ಗಾಳಿಯಣ್ಣನಿಗೆ ಕೊಟ್ಟ.

ಜಾಕಿ ಏರಿತು, ನಟ್ಟುಗಳು ಸಡಿಲವಾದವು. ನಾವು ಮೂವರೂ ಅಂಗಡಿಯ ಬೆಂಚಿನ ಮೇಲೆ ಕೂತೆವು. ಬೆಂಚು ಚಿಕ್ಕದು, ಒಬ್ಬರ ಭುಜ ಇನ್ನೊಬ್ಬರಿಗೆ ತಾಗುತ್ತಿತ್ತು. ಯಾರೂ ಸರಿದು ಕೂರಲಿಲ್ಲ. ಕೆಲಸ ಮುಗಿದ ಮೇಲೆ ಅಳಿಯ ಸ್ಟೇರಿಂಗ್ ಮುಂದೆ ಕೂತು ಕನ್ನಡಿ ಸರಿಮಾಡಿಕೊಂಡ.

"ಚಿಕ್ಕಮಾವ, ನೀವು ಮಧ್ಯ ಕೂತ್ಕೊಳ್ಳಿ. ಗೇರ್ ಹಾಕೋವಾಗ ಮಾವನ ಭುಜಕ್ಕೆ ನನ್ನ ಕೈ ತಾಗತ್ತೆ."

ತಮ್ಮ ಹತ್ತಿ ಮಧ್ಯ ಕೂತ. ನಾನು ಕೊನೆಗೆ ಹತ್ತಿ ಬಾಗಿಲು ಹಾಕಿಕೊಂಡೆ. ಅದು ಒಂದೇ ಸಲಕ್ಕೆ ಹಾಕಿಕೊಳ್ಳುವುದಿಲ್ಲ, ಎರಡು ಸಲ ಎಳೆಯಬೇಕು.