ಜುಂಜಯ್ಯನಿಗೆ ಒಣ ನೆಲ

ಮೂರಡಿ ಅಗೆಯುವಷ್ಟರಲ್ಲಿ ಗುಂಡಿಯ ತಳದಲ್ಲಿ ನೀರು ಒಸರತೊಡಗಿತು. ಮುದ್ದಪ್ಪ ಗುದ್ದಲಿ ಬದಿಗಿಟ್ಟ. ಅಣ್ಣ ಜುಂಜಯ್ಯನಿಗೆಂದು ತೋಡಿದ ಸಮಾಧಿಯಲ್ಲಿ ಪಾದ ಮುಳುಗುವ ನೀರಲ್ಲಿ ನಿಂತು ಮೇಲೆ ನೋಡಿದ.

"ಸಾರ್, ನೀವೂ ನೀರಿನ ಎಂಜಿನಿಯರ್ರೇ ಅಲ್ವಾ? ಅಣ್ಣನ ಜೊತೆ ಮೇಷ್ಟ್ರಾಗಿದ್ದೋರು. ಒಣಗಿರೋ ಜಾಗ ಎಲ್ಲೈತೆ, ತೋರಿಸ್ರಿ."

ಮಳೆನೀರು ನಿಲ್ಲಿಸುವ ಕಟ್ಟೆಯ ಏರಿಯ ಕೆಳಗೆ ನೆರೆದಿದ್ದ ಜನವೆಲ್ಲ ತಿಪ್ಪೇರುದ್ರಪ್ಪನವರತ್ತ ತಿರುಗಿತು. ಅವರು ತಮ್ಮೂರು ಬಿ.ದುರ್ಗದಿಂದ ಬಸ್ಸು ಬದಲಿಸುತ್ತ ಬಂದು, ಆದಿವಾಲದಲ್ಲಿ ಇಳಿದು, ಈ ಹಟ್ಟಿಯವರೆಗೆ ನಡೆದಿದ್ದರು. ಬಂದದ್ದು ಸತ್ತವನ ಮುಖ ನೋಡಲಿಕ್ಕೋ ಈ ಕಟ್ಟೆ ನೋಡಲಿಕ್ಕೋ, ಅವರಿಗೇ ಗೊತ್ತಿರಲಿಲ್ಲ.

"ಕಟ್ಟೆ ಕೆಳಗೇ ಮಣ್ಣು ಮಾಡ್ರಿ ಅಂತಿದ್ರು," ಎಂದಳು ಜುಂಜಯ್ಯನ ಹೆಂಡತಿ ಚಿತ್ತಮ್ಮ. "ಪ್ರತಿ ಮಳೆಗಾಲಕ್ಕೂ ನಿಮ್ಮನ್ನ ಕರೀತಿದ್ರು. ತಿಪ್ಪೇರುದ್ರ ಬಂದು ನೋಡಿ ಒಂದ್ಸಲ ಸೈ ಅಂದ್ರೆ ಸಾಕು ಅನ್ನೋರು. ನೀವು ಬರ್ಲೇ ಇಲ್ಲ."

"ಕೆಲಸ ಇರ್ತಿತ್ತಮ್ಮ," ಎಂದರು ತಿಪ್ಪೇರುದ್ರಪ್ಪನವರು.

*

ಇಬ್ಬರೂ ಒಂದೇ ವರ್ಷ ಎಂಜಿನಿಯರಿಂಗ್ ಕಾಲೇಜಿಗೆ ಮೇಷ್ಟ್ರಾಗಿ ಸೇರಿದವರು. ತಿಪ್ಪೇರುದ್ರಪ್ಪನವರದು ನದಿಯಿಂದ ನೀರೆತ್ತಿ ಕಾಲುವೆಯಲ್ಲಿ ತರುವ ದೊಡ್ಡ ಯೋಚನೆ. ಕುರಿ ಸಾಕುವವರ ಮನೆಯ ಜುಂಜಯ್ಯನದು ಸಣ್ಣದು: ಬಿದ್ದ ಮಳೆಯನ್ನು ಬಿದ್ದಲ್ಲೇ ತಡೆದು ನೆಲಕ್ಕೆ ಇಂಗಿಸುವುದು, ನವಣೆ ಸಜ್ಜೆಯಂಥ ಕಡಿಮೆ ನೀರಿನ ಬೆಳೆ ಹಾಕಿಸುವುದು. ಹುಡುಗರು ತಿಪ್ಪೇರುದ್ರಪ್ಪನವರ ಪಾಠ ಬರೆದುಕೊಳ್ಳುತ್ತಿದ್ದರು. ಜುಂಜಯ್ಯನ ಹಿಂದೆ ಗುದ್ದಲಿ ಹಿಡಿದು ಊರೂರಿಗೆ ಹೋಗುತ್ತಿದ್ದರು. ತಿಪ್ಪೇರುದ್ರಪ್ಪನವರಿಗೆ ಮೊದಲು ಚುಚ್ಚಿದ್ದು ಅದೇ.

ಎಂಬತ್ತೆಂಟರಲ್ಲಿ ಜುಂಜಯ್ಯ ಈ ಕಟ್ಟೆಗೆ ಅನುದಾನ ಕೇಳಿದಾಗ, ಅಭಿಪ್ರಾಯ ಕೊಡುವ ಕೆಲಸ ತಿಪ್ಪೇರುದ್ರಪ್ಪನವರ ಪಾಲಿಗೆ ಬಂತು. ಆ ನೆಲದಲ್ಲಿ ನೀರು ಇಂಗದು ಎಂದರು. ಅನುದಾನ ಬರಲಿಲ್ಲ. ಜುಂಜಯ್ಯ ಜಗಳಕ್ಕೂ ಬರಲಿಲ್ಲ. ಬೇಸಿಗೆ ರಜೆಯಲ್ಲಿ ಹಟ್ಟಿಯವರನ್ನು ಕಟ್ಟಿಕೊಂಡು ತಾನೇ ಏರಿ ಹಾಕಿಸಿದ.

ಅಂದಿನಿಂದ ಆ ಹಟ್ಟಿಯಿರುವ ಹಿರಿಯೂರು ಕಡೆಯ ವಿದ್ಯಾರ್ಥಿ ಸಿಕ್ಕರೆ ಸಾಕು, "ಹೆಂಗೈತಪ್ಪ ಜುಂಜಯ್ಯ ಮೇಷ್ಟ್ರ ಕಟ್ಟೆ?" ಎಂದು ಮಾತಿಗೆ ಮಾತು ಬಂದಂತೆ ವಿಚಾರಿಸುತ್ತಿದ್ದರು. ಒಂದು ಬರದ ವರ್ಷ ಒಬ್ಬ, "ಪೂರಾ ಒಣಗೈತೆ ಸಾರ್," ಎಂದ. ಅಂದು ಸಂಜೆ ಅವರು ಮನೆಗೆ ಜಿಲೇಬಿ ಕೊಂಡುಹೋದರು. "ಏನ್ರಿ ವಿಶೇಷ?" ಎಂದಳು ಹೆಂಡತಿ. "ತಿನ್ಬೇಕು ಅನ್ನಿಸ್ತು," ಎಂದರು. ಮರುದಿನ ಅದೇ ಹುಡುಗ, "ಕಟ್ಟೆ ಒಣಗಿದ್ರೂ ಕೆಳಗಿನ ಬಾವಿಗಳಲ್ಲೆಲ್ಲ ನೀರೈತೆ ಸಾರ್," ಎಂದು ಹಿಂದಿನ ದಿನದ ಮಾತು ಮುಗಿಸಿದ. ಉಳಿದ ಜಿಲೇಬಿ ಇರುವೆಗಳ ಪಾಲಾಯಿತು.

*

"ಮೇಲಕ್ಕೆ ಹೋಗಾಣ," ಎಂದರು ತಿಪ್ಪೇರುದ್ರಪ್ಪನವರು.

ಕಟ್ಟೆಯ ಮೇಲ್ಮಗ್ಗುಲಲ್ಲಿ ಅಗೆಸಿದರು. ಅಲ್ಲೂ ಕೆಸರು ಬಂತು.

"ಇಲ್ಲೂ ಒದ್ದೆ ಐತಲ್ಲ ಸಾರ್!" ಎಂದ ಮುದ್ದಪ್ಪ. ಆ ದುಃಖದಲ್ಲೂ ಅವನ ದನಿಯಲ್ಲಿ ಹೆಮ್ಮೆ ಇಣುಕಿತು.

"ಸತ್ರೂ ನಮ್ಮ ಮೇಷ್ಟ್ರು ನೀರು ಬಿಡ್ಲಿಲ್ಲ ನೋಡು," ಎಂದ ಮುದುಕ ಕಾಟಲಿಂಗಪ್ಪ. ಜನ ನಗುತ್ತಲೇ ಕಣ್ಣೊರೆಸಿಕೊಂಡರು.

ತಿಪ್ಪೇರುದ್ರಪ್ಪನವರ ಎದೆ ಉರಿಯಿತು. ಕಾಲುವೆಯ ಲೆಕ್ಕ ಕಲಿಸುತ್ತಲೇ ಆಯುಷ್ಯ ಕಳೆದಿತ್ತು. ನಾಳೆ ತಾವು ಸತ್ತರೆ ಇಷ್ಟು ಜನ ಬಿಸಿಲಲ್ಲಿ ನಿಂತಾರೆಯೇ? ನಗುತ್ತ ಅತ್ತಾರೆಯೇ?

ಕೊನೆಗೆ ದಿಬ್ಬದ ನೆತ್ತಿಯ ಸಣ್ಣಕಲ್ಲಿನ ಗರಸು ನೆಲದಲ್ಲಿ ಗುಂಡಿ ಆಳಕ್ಕಿಳಿದರೂ ನೀರು ಬರಲಿಲ್ಲ. "ಇಲ್ಲಿ ಒಣಗೈತೆ," ಎಂದು ಎಲ್ಲರೂ ಉಸಿರು ಬಿಟ್ಟರು. ಅಲ್ಲಿಂದ ಜುಂಜಯ್ಯನ ಕೆಲಸವೆಲ್ಲ ಕಾಣುತ್ತಿತ್ತು. ಒಂದರ ಕೆಳಗೊಂದು ಕಟ್ಟೆ, ನಡುವೆ ತೆನೆ ಬಾಗಿದ ನವಣೆ. ಮಲಗಲು ಇದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ. ಅದನ್ನೂ ಅವನಿಗೆ ಹುಡುಕಿಕೊಟ್ಟವರು ತಾವೇ.

ದೇಹ ಇಳಿಸಿದರು. ಮನೆಯವರು ಮಣ್ಣು ಹಾಕಿದ ಮೇಲೆ ಚಿತ್ತಮ್ಮ, "ನೀವು ಹಾಕ್ರಿ," ಎಂದಳು.

ತಿಪ್ಪೇರುದ್ರಪ್ಪನವರು ಬಗ್ಗಿ, ಗುಂಡಿಯ ತಳದಿಂದ ಎತ್ತಿ ಹಾಕಿದ್ದ ಮಣ್ಣನ್ನು ಮುಷ್ಟಿಗೆ ತೆಗೆದುಕೊಂಡರು. ಮಣ್ಣು ಕೈಗೆ ಸಿಕ್ಕರೆ ಹಿಂಡಿ ನೋಡುವುದು ಕಸುಬಿನ ಚಾಳಿ. ಪಸೆಯಿಲ್ಲದ ಮಣ್ಣು ಬೆರಳು ಬಿಚ್ಚಿದೊಡನೆ ಉದುರುತ್ತದೆ. ಹಿಂಡಿ ಬೆರಳು ಬಿಚ್ಚಿದರು.

"ಹಾಕ್ರಿ ಸಾರ್, ಹಿಂದೆ ಜನ ಕಾಯ್ತಾವ್ರೆ," ಎಂದ ಮುದ್ದಪ್ಪ.

ನಾಲ್ಕು ಬೆರಳ ಗುರುತು ಮೂಡಿದ ಮಣ್ಣಿನ ಉಂಡೆ, ಒಂದು ಕಾಳೂ ಉದುರದೆ, ಅವರ ಅಂಗೈ ಮೇಲೆ ಕೂತಿತ್ತು.